ಬಣ್ಣ ಹೀರಿದ ಇದ್ದಿಲು

"ಅಯ್ಯೋ! ನೋಡ್ಕೊಂಡು ಸುರೀಬಾರ್ದೇನ್ರೀ?"

ಹುಲ್ಕರ್ ಚೆಲ್ಲಿದ ಕೆಂಪು ನೀರು, ಚರಂಡಿ ಪಕ್ಕ ಕೂತು ಬಾಟಲಿಗೆ ಅದರ ನೀರು ತುಂಬಿಕೊಳ್ಳುತ್ತಿದ್ದವನ ಮೈಮೇಲೆ ಬಿದ್ದಿತ್ತು.

ಅವಳು ನಗಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. ಅಮ್ಮ ತೀರಿಕೊಂಡಾಗಿನಿಂದ ಅವಳಿಗೆ ಏನೂ ತಟ್ಟುತ್ತಿರಲಿಲ್ಲ. ಮಾರ್ಗಿಲಾನ್ ಊರಿನ ಆ ಅಂಗಳದಲ್ಲಿ ಅಪ್ಪ ಹೊಶಿಮ್ ರೇಷ್ಮೆಗೆ ಬಣ್ಣ ಹಾಕುತ್ತಿದ್ದರು. ಉಳಿದ ನೀರನ್ನು ಅವಳು ಚೆಲ್ಲುತ್ತಿದ್ದಳು. ಬದುಕೆಂದರೆ ಅಷ್ಟೇ...

ಒದ್ದೆಯಾದವನು ಎಲ್ಮುರೋದ್, ಫರ್ಗಾನಾ ಕಾಲೇಜಿನ ರಸಾಯನಶಾಸ್ತ್ರದ ಮೇಷ್ಟ್ರು. ಜರ್ದಾಳು ಬೀಜ ಮಾರುವವರು ಒಡೆದು ಬಿಸಾಡಿದ ಚಿಪ್ಪನ್ನು ಮರುವಾರವೇ ಮೂಟೆಗಟ್ಟಲೆ ಹೊತ್ತು ತಂದ. ಸುಟ್ಟು ಇದ್ದಿಲು ಮಾಡಿ, ಕುಟ್ಟಿ, ತೊಳೆದು, ಪೀಪಾಯಿಗೆ ತುಂಬಿದ.

"ಬಣ್ಣ ಇದಕ್ಕೆ ಅಂಟ್ಕೊಳ್ಳುತ್ತೆ. ನೀರು ಮಾತ್ರ ಕೆಳಗಿಳಿಯುತ್ತೆ."

"ರೇಷ್ಮೆಗೆ ಅಂಟಿಸೋಕೇ ನಮ್ಮಪ್ಪ ಇಷ್ಟು ಒದ್ದಾಡ್ತಾರೆ. ಇದ್ದಿಲಿಗೆ ಅಂಟುತ್ತಂತೆ!"

ತಮಾಷೆ ಮಾಡಿದ್ದಳು! ಅವಳಿಗೇ ಅಚ್ಚರಿ... ಆದರೆ ಸುರಿದ ಕೆಂಪು ನೀರು ಪೀಪಾಯಿಯಿಂದ ಗುಲಾಬಿ ಬಣ್ಣದಲ್ಲೇ ಇಳಿಯಿತು.

ಅಷ್ಟರಲ್ಲಿ ಅಧಿಕಾರಿಗಳು ಬಂದು ಬಣ್ಣದ ಹಂಡೆಗಳಿಗೆ ಮೊಹರು ಹಾಕಿದರು. ಚರಂಡಿಗೆ ಬಣ್ಣದ ನೀರು ಬಿಡುತ್ತಾರೆಂದು ಯಾರೋ ದೂರು ಕೊಟ್ಟಿದ್ದರಂತೆ.

"ನೀವೇನಾ?" ಹುಲ್ಕರ್ ಎಲ್ಮುರೋದ್‌ನನ್ನು ಕೇಳಿದಳು.

"ಹೌದು... ನಿಮ್ಮನ್ನ ನೋಡೋಕೆ ಮುಂಚೆ. ಕೆಳಗಿನ ಊರಲ್ಲಿ ನಮ್ಮಮ್ಮ ಈ ನೀರನ್ನೇ ತೋಟಕ್ಕೆ ಹಾಯಿಸ್ತಾರೆ."

'ಹಾಗಾದ್ರೆ ಬರ್ತಿದ್ದಿದ್ದೆಲ್ಲ ಸಾಕ್ಷಿ ಹುಡುಕೋಕೆ!'

"ಸರಿ," ಎಂದು ಒಳಗೆ ಹೋದಳು. ಅಳು ಬರಲಿಲ್ಲ.

ಎಲ್ಮುರೋದ್ ಬರುವುದನ್ನು ಬಿಡಲಿಲ್ಲ. ಚಳಿಗಾಲವಿಡೀ ಅಪ್ಪನ ಜೊತೆ ಕೂತು ಇದ್ದಿಲನ್ನು ಇನ್ನಷ್ಟು ನುಣ್ಣಗೆ ಅರೆದ, ಎರಡನೇ ಪೀಪಾಯಿ ಜೋಡಿಸಿದ. ಹುಲ್ಕರ್ ಅವನ ಮುಖ ನೋಡದೆ ಚಹಾ ಇಟ್ಟು ಹೋಗುತ್ತಿದ್ದಳು.

ಕೊನೆಗೊಂದು ದಿನ ತಿಳಿನೀರು ಇಳಿಯಿತು! ಅಧಿಕಾರಿಗಳು ಪರೀಕ್ಷಿಸಿ ಮೊಹರು ತೆಗೆದರು.

ಎಲ್ಮುರೋದ್ ಖಾಲಿ ಮೂಟೆಗಳನ್ನು ಮಡಚಿದ. "ನನ್ನ ಕೆಲಸ ಮುಗೀತು. ಬರ್ತೀನಿ."

ಹುಲ್ಕರಳ ಎದೆಯಲ್ಲಿ ಏನೋ ಭುಗಿಲೆಂದಿತು. ಸಿಟ್ಟು!

"ಮುಗೀತಂತೆ! ಅಪ್ಪನ ಕೈ ಕಟ್ಟಿಹಾಕಿದ್ರಿ, ನನಗೆ ದಿನಾ ನಿಮ್ಮ ದಾರಿ ಕಾಯೋ ಹಾಗೆ ಮಾಡಿದ್ರಿ... ಈಗ ಹೊರಟುಬಿಡ್ತೀರಾ?"

ಕಣ್ಣೀರು ಧಾರೆಧಾರೆಯಾಗಿ ಇಳಿಯಿತು. ಅಮ್ಮ ಹೋದಮೇಲೆ ಮೊದಲ ಸಲ.

"ದೂರು ವಾಪಸ್ ತಗೊಂಡ್ರೆ ಅಮ್ಮನ ತೋಟ ಹಾಳು, ತಗೊಳ್ಳದಿದ್ರೆ ನಿಮ್ಮ ಮನೆ ಹಾಳು," ಅವನು ಮೂಟೆಗಳನ್ನು ಕೆಳಗಿಟ್ಟ. "ಅದಕ್ಕೇ ಇದ್ದಿಲು ಹೊತ್ತೆ. ನೀವಿಲ್ಲದಿದ್ರೂ ಹೊರ್ತಿದ್ದೆ, ಹುಲ್ಕರ್. ನೀವಿದ್ರಿ ಅಂತ ದಿನಾ ಬಂದೆ."

ಅವಳು ಕಣ್ಣೊರೆಸಿಕೊಂಡಳು.

"ನಾಳೆ ನಿಮ್ಮಮ್ಮನ್ನ ಕರ್ಕೊಂಡ್ಬನ್ನಿ."

"ಅಮ್ಮನ್ನಾ? ಯಾಕೆ?"

"ಮೇಷ್ಟ್ರಿಗೆ ಅದನ್ನೂ ನಾನೇ ಹೇಳಿಕೊಡ್ಬೇಕಾ? ಹೆಣ್ಣು ಕೇಳೋಕೆ ಯಾರಾದ್ರೂ ಒಬ್ಬರೇ ಬರ್ತಾರಾ!"