ತಂತಿಯಿಲ್ಲದ ಬಾಲ

ಆ ಪುಟ್ಟ ವಿಮಾನದ ಹಿಂದಿನ ಪೈಲಟ್ ಹಾರಾಟದ ನಡುವೆಯೇ ಎದೆನೋವಿನಿಂದ ತೀರಿಕೊಂಡಿದ್ದರು; ಜೊತೆಗಿದ್ದ ಇನ್ನೊಬ್ಬ ಪೈಲಟ್ ವಿಮಾನವನ್ನು ಹೇಗೋ ಇಳಿಸಿದ್ದರು. ಹೊಸ ಪೈಲಟ್ ನನ್ನ ಅಕ್ಕನ ಗಂಡ, ನಾನು ಮೆಕ್ಯಾನಿಕ್. ಪೈಲಟ್ ಮುಂದಿನ ಕೋಲನ್ನು ತನ್ನತ್ತ ಎಳೆದರೆ ಒಳಗಿನ ತಂತಿ ಬಾಲದ ಪಟ್ಟಿಯನ್ನು ಮೇಲೆತ್ತುತ್ತದೆ, ವಿಮಾನದ ಮೂಗು ಮೇಲೇಳುತ್ತದೆ. ಆ ಮಧ್ಯಾಹ್ನ ಹಳೆಯ ತಂತಿ ಬಿಚ್ಚಿದ್ದೆ; ಹೊಸದನ್ನು ಇನ್ನೂ ಹಾಕಿರಲಿಲ್ಲ.

ಬಾಲದ ಬಳಿ ನಿಂತಿದ್ದಾಗ ಪಟ್ಟಿ ಮೆಲ್ಲಗೆ ಎದ್ದಿತು, ಇಳಿಯಿತು, ಮತ್ತೆ ಎದ್ದಿತು. ಹಾರುವ ಮುನ್ನ ಪೈಲಟ್‌ಗಳು ಪರೀಕ್ಷಿಸುವುದು ಹೀಗೆಯೇ. ಶೆಡ್ಡಿನಲ್ಲಿ ಗಾಳಿಯಿರಲಿಲ್ಲ. ಪಟ್ಟಿಯನ್ನು ಒತ್ತಿ ಹಿಡಿದೆ. ಆ ಕಡೆಯಿಂದ ಯಾರೋ ತಾಳ್ಮೆಯಿಂದ ಎಳೆದರು.

ತಂತಿಯೇ ಇಲ್ಲವೆಂಬುದನ್ನೂ ಮರೆತು ಕೂಗಿದೆ, “ಭಾವ, ಕೋಲು ಬಿಡಿ.”

“ನಾನು ಇಲ್ಲಿದ್ದೀನಲ್ಲಪ್ಪ,” ಎಂದರು ಭಾವ, ನನ್ನ ಬೆನ್ನ ಹಿಂದಿನಿಂದ.

ಇಬ್ಬರೂ ಓಡಿಹೋಗಿ ನೋಡಿದೆವು. ಸೀಟು ಖಾಲಿ. ಸುತ್ತಲಿನ ಲೋಹವೆಲ್ಲ ತಣ್ಣಗಿತ್ತು. ಕೋಲಿನ ಹಿಡಿ ಮಾತ್ರ ಬೆಚ್ಚಗೆ, ಬೆವರಿನಿಂದ ಒದ್ದೆಯಾಗಿತ್ತು.

“ಇದನ್ನ ಹಾರಿಸಬೇಡಿ ಭಾವ. ಅಕ್ಕನ ಮುಖ ನೋಡಿಯಾದ್ರೂ.”

“ಹೊಟ್ಟೆಪಾಡು ನಡೀಬೇಕಲ್ಲಪ್ಪ.”

ಹೊಸ ತಂತಿ ಹಾಕಿ ಮತ್ತೆ ಮತ್ತೆ ಪರೀಕ್ಷಿಸಿದೆ. ಮರುದಿನ ಭಾವ ಹಾರಿದರು. ವಿಮಾನ ಹೂವಿನಂತೆ ನೆಲ ಮುಟ್ಟಿತು. ಅವರ ಮುಖ ಮಾತ್ರ ಬಿಳಿಚಿಕೊಂಡಿತ್ತು.

“ಎಷ್ಟು ನಯವಾಗಿ ಇಳಿಸಿದ್ರಿ ಭಾವ,” ಎಂದೆ.

“ಇಳಿಸಿದ್ದು ನಾನಲ್ಲ,” ಎಂದರು. “ನೆಲ ಬಿಟ್ಟ ಮೇಲೆ ಅವರು ಕೋಲು ನನಗೆ ಕೊಡಲೇ ಇಲ್ಲ.”