ಕೆಂಪು ದಾರ ಸುತ್ತಿದ ಡಿವಿಡಿ

"ಆ ಕೆಂಪು ದಾರ ಸುತ್ತಿರೋದನ್ನ ಮಾತ್ರ ಮುಟ್ಟಬೇಡಿ," ಎಂದರು ಅತ್ತೆ. "ನನ್ನ ಮಗಳು ಇವಳಿಗೆ ಐದು ವರ್ಷ ಇದ್ದಾಗ ಜ್ವರ ಬಂದು ಉಸಿರೇ ನಿಂತಿತ್ತು. ಮಾಟದವಳು ಇವಳ ಉಸಿರನ್ನ ಆ ಡಿವಿಡಿಗೆ ಕಟ್ಟಿ ಉಳಿಸಿದಾಳೆ. ಅದಕ್ಕೆ ಏನಾದ್ರೂ ಆದ್ರೆ ಇವಳಿಗೂ ಆಗತ್ತೆ."

ಮೂರು ತಿಂಗಳ ಹಿಂದೆ ಮದುವೆಯಾಗಿ ಅತ್ತೆ ಮನೆಯಲ್ಲೇ ನೆಲೆಸಿದ್ದ ಅಳಿಯ, ಕಪಾಟಿನ ಹಳೆಯ ಡಿವಿಡಿಗಳನ್ನೆಲ್ಲ ಕಂಪ್ಯೂಟರಿನಲ್ಲಿ ಸಣ್ಣ ಫೈಲು ಮಾಡಲು ಕೂತಿದ್ದ. ಹೊಟ್ಟೆ ಹಿಡಿದುಕೊಂಡು ನಕ್ಕ. "ಮಾಟಕ್ಕೂ ಮೆಗಾಬೈಟಿಗೂ ಎಲ್ಲಿಯ ನಂಟು, ಅತ್ತೆ!"

"ಬೇಡ ರೀ, ನಂಗೂ ಹೆದರಿಕೆ," ಎಂದಳು ಹೆಂಡತಿ. ಕೇಳುವ ಪೈಕಿಯೇ ಈ ಮಹಾರಾಯ?

ಇಬ್ಬರೂ ಒಳಗೆ ಹೋದದ್ದೇ ತಡ, ದಾರ ಹರಿದ. ಸುಟ್ಟ ಕೂದಲ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಡಿವಿಡಿಯನ್ನು ಕಂಪ್ಯೂಟರಿಗೆ ಹಾಕಿದ. ಪರದೆಯ ಮೇಲೆ ಐದು ವರ್ಷದವಳಿದ್ದಾಗಿನ ಹೆಂಡತಿ ಕುಣಿಯುತ್ತಿದ್ದಳು. ಡಿಸ್ಕನ್ನು ನಕಲು ಮಾಡಿಕೊಂಡ. ಒಂದೇ ಡಿಸ್ಕು ಎರಡು ಸಲ ಆಗಬಾರದೆಂದು ನಕಲಾದ ತಕ್ಷಣ ಮುರಿದು ಬುಟ್ಟಿಗೆ ಹಾಕುವುದು ಅವನ ಪದ್ಧತಿ, ಇದನ್ನೂ ಮುರಿದ. ಬರೀ ಮಕ್ಕಳ ಗಲಾಟೆ ಎಂದು ನಕಲಿನಿಂದ ಧ್ವನಿಯನ್ನು ತೆಗೆದ. ಚಿತ್ರವನ್ನು ಹತ್ತರಲ್ಲೊಂದು ಪಾಲಿಗೆ ಕುಗ್ಗಿಸಲು ಒತ್ತಿದ. ಕೆಲಸ ಮುಗಿದ ಮೇಲೆ ನಕಲು ತಾನಾಗಿ ಅಳಿಸಿಹೋಗುವ ಏರ್ಪಾಡು ಎಂದಿನಂತೆ ಇತ್ತು.

ಕಂಪ್ಯೂಟರಿನ ಫ್ಯಾನು ಗೊರಗುಟ್ಟಿತು. ಶೇಕಡ ಹತ್ತು.

ಅಡುಗೆಮನೆಯಲ್ಲಿ ಲೋಟ ಬಿತ್ತು. ಹೆಂಡತಿ ಬಾಗಿಲಿಗೆ ಬಂದು ನಿಂತಳು. ಬಾಯಿ ತೆರೆದು ಮುಚ್ಚುತ್ತಿದ್ದಳು. ಸದ್ದಿಲ್ಲ.

"ಏನೇ, ತಮಾಷೆನಾ?"

ಗಂಟಲು ಹಿಡಿದುಕೊಂಡು ಅತ್ತಳು. ಅಳುವಿಗೂ ಸದ್ದಿಲ್ಲ. ಶೇಕಡ ನಲವತ್ತು. ಅವಳ ಹುಬ್ಬು ಅಳಿಸಿಹೋಯಿತು. ಕೆನ್ನೆಯ ತುಂಬ ಚೌಕ ಚೌಕ ಕಲೆ.

ಅಯ್ಯೋ! ರದ್ದು ಒತ್ತಿದ. ನಿಲ್ಲಲಿಲ್ಲ. ತಂತಿ ಕಿತ್ತ. ಪರದೆ ಆರಲಿಲ್ಲ.

ಅತ್ತೆ ಓಡಿ ಬಂದರು. "ಡಿವಿಡಿ ಎಲ್ಲಿ? ಮತ್ತೆ ಹಾಕಿ, ಎಲ್ಲಾ ವಾಪಸ್ ಬರತ್ತೆ! ಬೇಗ!"

ಬುಟ್ಟಿ ಬೋರಲು ಹಾಕಿದ. ಎರಡು ತುಂಡು ಸಿಕ್ಕಿತು. ಜೋಡಿಸಿ ಟೇಪು ಸುತ್ತಿದ. ಬೆರಳು ಕುಯ್ದು ರಕ್ತ ಸುರಿಯಿತು. ತುರುಕಿದ. ಕಂಪ್ಯೂಟರು ಉಗುಳಿತು. "ತಪ್ಪಾಯ್ತು ಕಣೇ, ತಪ್ಪಾಯ್ತು!" ಮತ್ತೆ ತುರುಕಿದ. ಮತ್ತೆ ಉಗುಳಿತು. ತೊಂಬತ್ತಾರು. ತೊಂಬತ್ತೊಂಬತ್ತು.

ಫ್ಯಾನು ನಿಂತಿತು. ನಕಲು ಅಳಿಸಲಾಗಿದೆ ಎಂದು ಪರದೆಯ ಮೇಲೆ ಬಂತು.

"ಉಸಿರಿದೆ, ಉಸಿರಿದೆ," ಎಂದು ಅತ್ತೆ ಮಗಳ ನುಣ್ಣನೆಯ ಮುಖ ಸವರುತ್ತಿದ್ದರು. ಅವನು ಹೆಂಡತಿಯ ಕೈ ಹಿಡಿದುಕೊಂಡ. ಬೆಚ್ಚಗಿತ್ತು. ಅವಳ ಬೆರಳುಗಳ ನಡುವೆ ಸಂದಿ ಇರಲಿಲ್ಲ.