ಕಸಿ ಹಿಡಿಯದ ಪುಡಿ

ಬೆಳಿಗ್ಗೆ ಒಂಬತ್ತಕ್ಕೆ ಠಾಣೆಗೆ ಬಂದ ಹೆಂಗಸು, ಮುರಿದ ಪ್ಲಾಸ್ಟಿಕ್ ಏಣಿಯ ಮೆಟ್ಟಿಲನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. ಗಂಡ ಗೋಡೆಗೆ ಬಣ್ಣ ಬಳಿಯುವವನು. ಹೊಸ ಏಣಿ ಮುರಿದು ಬಿದ್ದು ಸತ್ತಿದ್ದ.

"ಕುಡಿದಿದ್ನಾ?" ಇನ್‌ಸ್ಪೆಕ್ಟರ್ ಕೇಳಿದರು.

"ಟೀ ಬಿಟ್ರೆ ಬೇರೇನೂ ಕುಡಿದೋರಲ್ಲ ಸಾರ್."

ಎಫ್‌ಐಆರ್ ದಾಖಲಾಯಿತು.

ಏಣಿ ಮಾಡಿದವನು ಪ್ಲಾಸ್ಟಿಕ್ಕಿಗೆ ಬೆರೆಸುವ ಪುಡಿ ಒದಗಿಸಿದ ಕಾರ್ಖಾನೆಯತ್ತ ಬೆರಳು ತೋರಿಸಿದ. ಅಲ್ಲಿ ಪ್ಲಾಸ್ಟಿಕ್ ಪುಡಿಯನ್ನು ಕರಗಿಸದೆ, ಪುಡಿಯಾಗಿಯೇ ಬಿಸಿ ಮಾಡಿ, ಅದರ ಮೈಗೆ ಇನ್ನೊಂದು ರಾಸಾಯನಿಕವನ್ನು ಕಸಿ ಕಟ್ಟುತ್ತಿದ್ದರು. ಆ ಪುಡಿ ಬೆರೆತರೆ ಮಾತ್ರ ಏಣಿಯ ಪ್ಲಾಸ್ಟಿಕ್ಕು ಒಳಗಿನ ಗಾಜಿನ ನಾರನ್ನು ಬಿಗಿಯಾಗಿ ಹಿಡಿಯುತ್ತದೆ.

ಕಾರ್ಖಾನೆಯ ಪ್ರಯೋಗಾಲಯದಾಕೆ ಪುಡಿಯನ್ನು ದ್ರಾವಕದಲ್ಲಿ ತೊಳೆದು ನೋಡಿದಳು. "ಎಲ್ಲಾ ತೊಳೆದು ಹೋಯ್ತು ಸಾರ್. ಕಸಿ ಹಿಡಿದೇ ಇಲ್ಲ, ಅದನ್ನ ಹಿಡಿಸೋ ಪೆರಾಕ್ಸೈಡ್ ಬಿದ್ದಿಲ್ಲ. ಹೆಪ್ಪು ಹಾಕದೆ ಹಾಲು ಮೊಸರಾಗುತ್ತಾ?"

"ಮೊದಲೇ ನೋಡಲಿಲ್ವಾ?"

"ದಿನಕ್ಕೊಂದೇ ಪರೀಕ್ಷೆ. ಅದೂ ಸಂಜೆ ಪಾಳಿಯದು." ಆಕೆ ತಲೆ ತಗ್ಗಿಸಿದಳು.

ಪ್ರತಿ ಪಾಳಿಯಿಂದ ಎತ್ತಿಟ್ಟಿದ್ದ ಮಾದರಿ ಸೀಸೆಗಳನ್ನೆಲ್ಲ ಪಂಚನಾಮೆ ಮಾಡಿ ವಶಕ್ಕೆ ಪಡೆದು ಪರೀಕ್ಷಿಸಿದರು. ಕೆಟ್ಟದ್ದೆಲ್ಲ ಬೆಳಗಿನ ಪಾಳಿಯದು. ಆಗ ಯಂತ್ರ ನಡೆಸುವವಳು ಒಬ್ಬಳೇ ಹುಡುಗಿ.

"ಬೆಣ್ಣೆ ಕೈಯಲ್ಲಿಟ್ಕೊಂಡು ತುಪ್ಪಕ್ಕೆ ಅಲೆದ ಹಾಗಾಯ್ತು," ಎಂದ ಹೆಡ್ ಕಾನ್‌ಸ್ಟೇಬಲ್. ಅವನಿಗೆ ಊಟದ ಹೊತ್ತು ಮೀರಿತ್ತು.

ಹುಡುಗಿಯನ್ನು ಕರೆಸಿದರು.

"ಪೆರಾಕ್ಸೈಡ್ ಹಾಕ್ತಿದ್ಯಾ?"

"ದಿನಾ ಹಾಕ್ತೀನಿ ಸಾರ್. ಉಗ್ರಾಣದಿಂದ ತೂಗಿ ಕೊಡೋ ಪೊಟ್ಟಣ, ಹಾಗೇ ಸುರೀತೀನಿ."

"ಉಗ್ರಾಣದಲ್ಲಿ ಯಾರು?"

ಬಾಗಿಲ ಬಳಿ ನಿಂತಿದ್ದ ಮುದುಕ ಒಳಗೆ ಬಂದ. "ನಾನು ಸಾರ್, ಇವಳಪ್ಪ. ಇವಳನ್ನ ಬಿಟ್ಬಿಡಿ. ನಾನು ಕೊಡ್ತಿದ್ದಿದ್ದು ಸೀಮೆಸುಣ್ಣದ ಪುಡಿ."

ಎರಡು ವರ್ಷದ ಹಿಂದೆ ಅದೇ ಯಂತ್ರದ ಬಳಿ ಪೆರಾಕ್ಸೈಡ್ ಹೊತ್ತಿಕೊಂಡು ಅವನ ಮಗ ಸುಟ್ಟು ಸತ್ತಿದ್ದ. ಆ ಕೆಲಸವನ್ನು ಕಾರ್ಖಾನೆಯವರು ತಂಗಿಗೆ ಕೊಟ್ಟರು.

"ಕಸಿ ಹಿಡೀದಿದ್ರೆ ಮಾಲು ವಾಪಸ್ ಬರುತ್ತೆ, ಅಷ್ಟೇ ಅನ್ಕೊಂಡೆ. ಅದರ ಮೇಲೆ ಒಬ್ಬರು ಕಾಲಿಡ್ತಾರೆ ಅಂತ ಹೊಳೀಲೇ ಇಲ್ಲ ಸಾರ್."

ನಿಜವಾದ ಪೊಟ್ಟಣಗಳು ಉಗ್ರಾಣದ ತಣ್ಣನೆಯ ಪೆಟ್ಟಿಗೆಯ ತಳದಲ್ಲಿ ಸಿಕ್ಕವು. ಸಂಜೆ 4.40ಕ್ಕೆ ಅವನನ್ನು ದಸ್ತಗಿರಿ ಮಾಡಿದರು.

ಜೀಪಿನ ಪಕ್ಕ ಮಗಳು ಅವನ ತೋಳು ಹಿಡಿದುಕೊಂಡಳು. "ಒಂದು ಮಾತು ಹೇಳಬಾರದಿತ್ತಾ ಅಪ್ಪ? ಕೆಲಸ ಬಿಡ್ತಿದ್ದೆ."

"ಅಣ್ಣನ ಜಾಗ ಅಂತ ನೀನು ಇಷ್ಟಪಟ್ಟು ಹೋಗ್ತಿದ್ದೆ ಕಣಮ್ಮ. ಬಿಡು ಅಂತ ಹೇಗೆ ಹೇಳಲಿ?"

"ನಿನಗೆ ಸಮಾಧಾನ ಆಗಲಿ ಅಂತ ಹೋಗ್ತಿದ್ದೆ. ಆ ಯಂತ್ರದ ಹತ್ರ ಹೋಗೋಕೆ ನನಗೂ ಭಯ ಆಗ್ತಿತ್ತು."

ಹೆಡ್ ಕಾನ್‌ಸ್ಟೇಬಲ್ ಬೇರೆ ಕಡೆ ನೋಡಿದ. ಇನ್‌ಸ್ಪೆಕ್ಟರ್ ಜೀಪಿನ ಬಾಗಿಲು ತೆರೆದರು.

ಠಾಣೆಯ ಬೆಂಚಿನ ಮೇಲೆ ಬಣ್ಣದವನ ಹೆಂಡತಿ ಕಾಯುತ್ತಿದ್ದಳು.

"ಯಾಕೆ ಮಾಡಿದ್ನಂತೆ ಸಾರ್?"

"ಮಗಳು ಬದುಕಲಿ ಅಂತ."

ಅವಳು ಬೆಂಚಿನಿಂದ ಎದ್ದು ನಿಂತಳು.

"ನಮಗೂ ಒಬ್ಬಳಿದ್ದಾಳೆ," ಎಂದಳು.